ಇನ್ನೂರ ಹದಿನಾಲ್ಕು ಲಕೋಟೆಗಳು

ಮೊದಲೇ ಹೇಳಿಬಿಡ್ತೀನಿ, ಫೋನ್ ಮಾಡಿದವಳು ನಾನೇ. ನಮ್ಮ ರಾಜ್ಯದ ಮೇಲೆ ದಾವೆ ಹೂಡಿದ ಇನ್ನೊಂದು ರಾಜ್ಯದವರು ಕೋರ್ಟಿಗೆ ಹಾಕಿದ ಕಾಗದದಲ್ಲಿ "ಒಬ್ಬ ಅಪರಿಚಿತ ಹೆಂಗಸು" ಅಂತ ಬರೆದಿದ್ದಾರಲ್ಲ, ಆ ಹೆಂಗಸು. ಅಪರಿಚಿತಳಂತೆ! ಟ್ರೆಸ್ಕೋ ಕೌಂಟಿಯ ಕೋರ್ಟು ಕಟ್ಟಡದಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ಕುರ್ಚಿ ಸವೆಸಿದ್ದೀನಿ. ಮೇಜಿನ ಮೇಲೆ ಗೇಣುದ್ದದ ಹಲಗೆ ಇದೆ: ಟೆಕ್ಲಾ ಬೊಬಿಂಚಾಕ್, ಚುನಾವಣಾ ಗುಮಾಸ್ತೆ. ಕಣ್ಣಿದ್ದೋರಿಗೆ ಕಾಣತ್ತೆ.

ಮುನ್ನೂರು ಚಿಲ್ಲರೆ ಜನಕ್ಕೆ ಫೋನ್ ಮಾಡಿದೆ, ಇನ್ನೂರ ಹದಿನಾಲ್ಕು ಜನ ಬಂದರು. ಯಾಕೆ ಮಾಡಿದೆ ಅಂತ ಕೇಳಿ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಅಂಚೆಯಲ್ಲಿ ವೋಟು ಹಾಕೋರಿಗೆ ಎರಡು ಲಕೋಟೆ ಕೊಡ್ತಾರೆ. ಯಾರಿಗೆ ಹಾಕಿದ್ರಿ ಅನ್ನೋದು ಒಳಗಿನದರಲ್ಲಿ ಮುಚ್ಚಿರತ್ತೆ. ಹೊರಗಿನದರ ಬೆನ್ನ ಮೇಲೆ ಸಹಿ ಹಾಕಿ ಅವತ್ತಿನ ತಾರೀಖು ಬರೀಬೇಕು. ಇಷ್ಟೇ ಕೆಲಸ. ಇಷ್ಟರಲ್ಲೇ ನಮ್ಮ ಜನ ಎಡವ್ತಾರೆ. ತಾರೀಖು ಅಂದ ತಕ್ಷಣ ಹುಟ್ಟಿದ ತಾರೀಖು ಗೀಚ್ತಾರೆ. ಆಸ್ಪತ್ರೆಯಲ್ಲಿ, ಪಿಂಚಣಿ ಕಚೇರಿಯಲ್ಲಿ, ಔಷಧಿ ಅಂಗಡಿಯಲ್ಲಿ ಎಲ್ಲ ಕಡೆ ಅದನ್ನೇ ಕೇಳಿ ಕೇಳಿ ಕೈಗೆ ಅದೇ ಅಭ್ಯಾಸ ಆಗಿಹೋಗಿದೆ. ಇನ್ನು ಗಂಡ ಹೆಂಡಿರ ಕಥೆ ಬೇರೆ. ಅಡುಗೆಮನೆಯ ಒಂದೇ ಮೇಜು, ಒಂದೇ ಪೆನ್ನು, ಮಧ್ಯೆ ಕಾಫಿ ಲೋಟ. ಅವನ ಲಕೋಟೆಗೆ ಇವಳ ಸಹಿ, ಇವಳದಕ್ಕೆ ಅವನದು.

ಮೊದಲೆಲ್ಲ ಅಂಥ ಲಕೋಟೆ ಬಂದರೆ ಪಕ್ಕಕ್ಕೆ ಎಸೆಯೋದೇ, ಮತದಾರನಿಗೆ ಸುದ್ದಿ ಕೂಡ ಇಲ್ಲ. ದೇಶದ ಅಧ್ಯಕ್ಷರ ಚುನಾವಣೆ ಇದ್ದ ಆ ವರ್ಷ ಬೇಸಿಗೆ ಮುಗಿಯೋ ಹೊತ್ತಿಗೆ ರಾಜಧಾನಿಯಿಂದ ಸುತ್ತೋಲೆ ಬಂತು: ತಪ್ಪು ಕಂಡರೆ ಮತದಾರರಿಗೆ ತಿಳಿಸಿ, ಚುನಾವಣೆ ದಿನ ರಾತ್ರಿ ಎಂಟರ ಒಳಗೆ ಕಚೇರಿಗೆ ಬಂದು ತಿದ್ದಿಕೊಳ್ಳಬಹುದು. ಓದಿ ನನಗೆ ಖುಷಿಯಾಯ್ತು. ಹತ್ತೊಂಬತ್ತು ವರ್ಷಕ್ಕೊಮ್ಮೆ ಆ ಮಹಾನುಭಾವರಿಗೆ ಬುದ್ಧಿ ಬಂತಲ್ಲ ಅಂದುಕೊಂಡೆ.

ನಾನು ಹುಟ್ಟಿದ್ದು ನಂಬರ್ ಸಿಕ್ಸಿನಲ್ಲಿ. ಕಲ್ಲಿದ್ದಲು ಗಣಿಯ ಸಂಖ್ಯೆಯೇ ಊರಿನ ಹೆಸರು, ಗಣಿ ಮುಚ್ಚಿದರೂ ಹೆಸರು ಉಳಿದಿದೆ. ಅಲ್ಲಿ ಅಪ್ಪನ ಜೊತೆ ಗಣಿಗೆ ಇಳಿದವರೆಲ್ಲ ನಮಗೆ ಉಯ್ಕೋ, ಅಂದರೆ ಮಾವ. ಅವರ ಹೆಂಡಿರು ತೇತಾ. ಉಯ್ಕೋ ವಾಸಿಲ್ ಹುಡಾಕ್ ನಮ್ಮ ಬೀದಿಯವರೇ. ಎಂಬತ್ತಮೂರು ವರ್ಷ, ಎದೆ ತುಂಬ ಕಲ್ಲಿದ್ದಲು, ಮೂಗಿಗೆ ಕೊಳವೆ, ಕೈಯಲ್ಲಿ ಎರಡು ಚಕ್ರದ ಗಾಡಿ ಮೇಲೆ ಆಕ್ಸಿಜನ್ ಸಿಲಿಂಡರು. ಅದನ್ನು ಅವರು "ನನ್ನ ನಾಯಿ" ಅಂತಾರೆ, ಹೋದಲ್ಲೆಲ್ಲ ಹಿಂದೆ ಬರತ್ತಂತೆ.

ಚುನಾವಣೆ ಹಿಂದಿನ ದಿನ ಅವರಿಗೂ ಫೋನ್ ಮಾಡಿದೆ.

"ಉಯ್ಕೋ, ನಿಮ್ಮ ಲಕೋಟೆ ಮೇಲೆ ತೇತಾ ಸಹಿ ಇದೆ."

"ಹಂಗಾದ್ರೆ ಅವಳದರ ಮೇಲೆ?"

"ನಿಮ್ಮದು."

ಫೋನು ಕೈಯಲ್ಲಿಟ್ಟುಕೊಂಡೇ ಜಗಳ ಶುರು. "ಯುಸ್ಟೀನಾ! ಬಡ್ಕೊಂಡೆ ತಾನೆ, ಕನ್ನಡಕ ಹಾಕ್ಕೊಂಡು ಬರಿ ಅಂತ!"

ಹಿಂದಿನಿಂದ ತೇತಾ ಯುಸ್ಟೀನಾ ಕೂಗಿದ್ದು ನನಗೂ ಕೇಳಿಸ್ತು. "ಹಾಕ್ಕೊಂಡೇ ಬರೆದಿದ್ದು! ನನ್ನ ಮೂಗಿನ ಮೇಲೆ ನಿನ್ನ ಕನ್ನಡಕ ಇತ್ತು, ನಿನ್ನ ಮೂಗಿನ ಮೇಲೆ ನನ್ನದು. ಇನ್ನೇನಾಗತ್ತೆ!"

"ಬಂದು ತಿದ್ದಬಹುದು ಉಯ್ಕೋ. ಆದ್ರೆ ಲಿಫ್ಟು ಕೆಟ್ಟು ಹದಿನೈದು ದಿನ ಆಯ್ತು. ಇಪ್ಪತ್ತೆರಡು ಮೆಟ್ಟಿಲು. ಲಕೋಟೆನ ಕೋಣೆಯಿಂದ ಹೊರಗೆ ತರೋ ಹಾಗಿಲ್ಲ, ತಂದ್ರೆ ನನ್ನ ಕುತ್ತಿಗೆಗೆ ಬರತ್ತೆ."

"ಎಂಟುನೂರು ಅಡಿ ಕೆಳಗಿಂದ ಮೇಲೆ ಬಂದೋನು ಕಣೇ ನಾನು," ಅಂದರು. "ಬರ್ತೀನಿ."

ಚುನಾವಣೆ ದಿನ, ಮಂಗಳವಾರ ಸಂಜೆ ಏಳೂಕಾಲಿಗೆ ಬಂದರು. ಆವತ್ತು ಬಂದು ತಿದ್ದಿದವರಲ್ಲಿ ಕೊನೆಯವರು ಅವರೇ. ಮೆಟ್ಟಿಲ ಮೇಲೆ ನಾಲ್ಕು ಸಲ ಕೂತು ಎದ್ದರು. ತೇತಾ ಸಿಲಿಂಡರನ್ನು ಒಂದೊಂದೇ ಮೆಟ್ಟಿಲು ಎತ್ತಿ ಇಡ್ತಿದ್ದರು. ನಾನು ಕೈ ಕೊಡೋಕೆ ಹೋದರೆ ಉಯ್ಕೋ ತಟ್ಟಿ ತಳ್ಳಿದರು. ಒಳಗೆ ಬಂದು, ಉಸಿರು ಸಿಗೋವರೆಗೆ ಕೂತು, ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು. "ಇವತ್ತಿನ ತಾರೀಖು ತಾನೆ? ನಾನು ಹುಟ್ಟಿದ್ದಲ್ಲ ತಾನೆ?" ಆಮೇಲೆ ಸಹಿ ಹಾಕಿದರು, ದೊಡ್ಡ ಅಕ್ಷರದಲ್ಲಿ, ಗಣಿ ಸಂಬಳದ ಪುಸ್ತಕದಲ್ಲಿ ಹಾಕ್ತಿದ್ದ ಹಾಗೆ. ಅವರ ಹಿಂದೆಯೇ ತೇತಾ ತಮ್ಮದಕ್ಕೆ ಹಾಕಿದರು. ಮೂಲೆಯ ಕುರ್ಚಿಯಲ್ಲಿ ಎಲ್ಲಿಂದಲೋ ಬಂದಿದ್ದ ಚುನಾವಣಾ ವೀಕ್ಷಕನೊಬ್ಬ ಕೂತು ಏನೋ ಬರ್ಕೊಳ್ತಿದ್ದ. ಚಳಿ ಇತ್ತು, ನಾನೇ ಪಾಪ ಅಂತ ಅವನಿಗೆ ಕಾಫಿ ಕೊಟ್ಟಿದ್ದೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯತ್ತೆ.

ಹೊರಡುವಾಗ ಉಯ್ಕೋ, "ಇನ್ನೇನೂ ತೊಂದರೆ ಇಲ್ವಾ? ಎಣಿಸ್ತಾರಾ?" ಅಂತ ಕೇಳಿದರು.

"ಎಣಿಸ್ತಾರೆ ಉಯ್ಕೋ. ನಾನಿದ್ದೀನಿ," ಅಂದೆ. ಆ ಮಾತು ಕೊಟ್ಟವಳು ನಾನು. ಯಾರೂ ಹೇಳಿಸಿದ್ದಲ್ಲ.

ನಮ್ಮ ಕೌಂಟಿಯಲ್ಲಿ ತಿದ್ದಿದ ಲಕೋಟೆಗಳನ್ನು ಕೊನೆಗೆ ಒಡೆಯೋ ಪದ್ಧತಿ. ಚುನಾವಣೆಯಾದ ಹತ್ತನೇ ದಿನ ಶುಕ್ರವಾರಕ್ಕೆ ಇಟ್ಟಿದ್ದೆವು. ಗುರುವಾರವೇ ಸಿಡಿಲು ಬಡೀತು. ದಕ್ಷಿಣದ ಕಡೆಯ ಒಂದು ರಾಜ್ಯ ನಮ್ಮ ರಾಜ್ಯದ ಮೇಲೆ ದಾವೆ ಹಾಕಿತ್ತು. ಅದರ ಹೆಸರು ನನ್ನ ಬಾಯಲ್ಲಿ ಬರೋದಿಲ್ಲ, ಬೇಡ. ರಾಜ್ಯ ರಾಜ್ಯದ ಮೇಲೆ ದಾವೆ ಹಾಕಿದರೆ ಕೆಳಗಿನ ಕೋರ್ಟುಗಳ ತಂಟೆಯೇ ಇಲ್ಲ, ನೆಟ್ಟಗೆ ವಾಷಿಂಗ್ಟನ್ನಿನ ದೊಡ್ಡ ಕೋರ್ಟಿಗೇ ಹೋಗತ್ತೆ. ಅವರ ತಕರಾರು ಏನಂದರೆ, ನಿಯಮ ಬದಲಿಸಬೇಕಾದ್ದು ಶಾಸನಸಭೆ, ನೀವು ಸುತ್ತೋಲೆಯಲ್ಲಿ ಬದಲಿಸಿದ್ದೀರಿ. ದೇಶದ ಅಧ್ಯಕ್ಷ ಎಲ್ಲರಿಗೂ ಒಬ್ಬನೇ, ಹಾಗಾಗಿ ನಿಮ್ಮಲ್ಲಿ ತಿದ್ದಿದ ಲಕೋಟೆಯಿಂದ ನಮ್ಮ ಜನರ ವೋಟಿನ ಬೆಲೆ ಇಳೀತು, ಅವನ್ನೆಲ್ಲ ಕಿತ್ತುಹಾಕಿ.

ಇರಲಿ. ಶಾಸನಸಭೆ ಹೇಳಬೇಕಿತ್ತೋ, ಸುತ್ತೋಲೆ ಸಾಕೋ, ನನಗೆ ಗೊತ್ತಿಲ್ಲ. ಅದನ್ನು ಕರೀ ಕೋಟಿನವರು ಬಡಿದಾಡಿಕೊಳ್ಳಲಿ, ಅವರಿಗೆ ಅದೇ ಕಸುಬು. ಆದರೆ ಸರ್ಕಾರ ಬಾ ಅಂತು, ಮುದುಕ ಬಂದ. ಸಹಿ ಹಾಕು ಅಂತು, ಹಾಕಿದ. ಅವನ ತಪ್ಪೇನ್ರಿ ಇದರಲ್ಲಿ? ಒಂದೂವರೆ ಸಾವಿರ ಮೈಲಿ ಆಚೆ ಕೂತೋರಿಗೆ ನಂಬರ್ ಸಿಕ್ಸಿನ ವಾಸಿಲ್ ಹುಡಾಕ್ ಏನು ಅನ್ಯಾಯ ಮಾಡಿದ್ದ? ತಮಾಷೆ ಕೇಳಿ, ಅದೇ ವರ್ಷ ಅವರೂ ತಮ್ಮಲ್ಲಿ ವೋಟು ಹಾಕೋ ದಿನಗಳನ್ನು ಒಂದು ವಾರ ಉದ್ದ ಮಾಡಿಕೊಂಡಿದ್ದರು, ಅದೂ ಸುತ್ತೋಲೆಯಲ್ಲೇ. ತಮ್ಮ ಮನೆಯದು ನಿಯಮ, ನಮ್ಮ ಮನೆಯದು ಮೋಸ!

ಕೌಂಟಿಯ ವಕೀಲ ಲೈಮನ್ ಪ್ರೋಸರ್ ಆ ದಾವೆಯ ಕಾಗದಗಳ ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟ. ಸದಾ ಇಸ್ತ್ರಿ ಮಾಡಿದ ಅಂಗಿ, ಸದಾ ಇಸ್ತ್ರಿ ಮಾಡಿದ ಮುಖ. "ನಮ್ಮ ಕೌಂಟಿ ಹೆಸರು ಬಂದಿದೆ ಟೆಕ್ಲಾ. ಓದಿ," ಅಂದ.

ಆ ವೀಕ್ಷಕನ ಪ್ರಮಾಣಪತ್ರ. ನನ್ನ ಕಾಫಿ ಕುಡಿದವನದು. "ಒಬ್ಬ ಅಪರಿಚಿತ ಹೆಂಗಸು ಮತದಾರರ ಮನೆಗೆ ಫೋನ್ ಮಾಡಿ ಕರೆಸುತ್ತಿದ್ದಳು. ಸಿಲಿಂಡರ್ ಹಾಕಿಕೊಂಡಿದ್ದ ಒಬ್ಬ ವೃದ್ಧನನ್ನು ಕರೆತರಲಾಯಿತು. ತಾನೇನು ಮಾಡುತ್ತಿದ್ದೇನೆಂಬ ಅರಿವು ಅವನಿಗೆ ಇದ್ದಂತೆ ಕಾಣಲಿಲ್ಲ. ಸಹಿ ಮಾಡುವ ಮೊದಲು ಅಂದಿನ ತಾರೀಖನ್ನು ಕೂಡ ಅವನು ಕೇಳಿ ತಿಳಿದುಕೊಂಡನು."

ಅರಿವಿಲ್ಲದವನಾ? ಇಪ್ಪತ್ತೆರಡು ಮೆಟ್ಟಿಲು ನಾಲ್ಕು ಸಲ ಕೂತು ಹತ್ತಿದವನಿಗೆ ಅರಿವಿಲ್ಲ, ಕೂತಲ್ಲೇ ಕೂತು ಕಾಫಿ ಹೀರಿದವನಿಗೆ ಅರಿವಿದೆ!

"ಇದಕ್ಕೆ ಉತ್ತರ ಬರೀತೀನಿ," ಅಂದೆ. "ಆ ಹೆಂಗಸು ನಾನೇ, ಆ ಮುದುಕ ಇಂಥವರು ಅಂತ ಬರೆದು ಸಹಿ ಹಾಕಿ ಕೊಡ್ತೀನಿ."

"ಅಯ್ಯೋ, ಅದೆಲ್ಲ ಬೇಡ," ಅಂದ ಪ್ರೋಸರ್. "ನಮಗ್ಯಾಕೆ ಊರ ಉಸಾಬರಿ? ರಾಜ್ಯದ ವಕೀಲರು ನೋಡ್ಕೋತಾರೆ. ನಾವು ಆ ಇನ್ನೂರ ಹದಿನಾಲ್ಕನ್ನು ಒಡೀದೆ ಒಂದು ಪೆಟ್ಟಿಗೇಲಿ ಬೇರೆ ಇಟ್ಟುಬಿಡೋಣ. ಸದ್ಯಕ್ಕೆ. ನೀವು ಇಲ್ಲೊಂದು ಸಹಿ ಹಾಕಿ."

"ಸದ್ಯಕ್ಕೆ ಅಂದ್ರೆ ಎಲ್ಲಿವರೆಗೆ?"

"ಕೋರ್ಟು ಹೇಳೋವರೆಗೆ. ಕೋರ್ಟು ಸರಿ ಅಂದ್ರೆ ಅವತ್ತೇ ಎಣಿಸೋಣ."

ನನ್ನ ಬುದ್ಧಿಗೆ ಏನು ಬಡಿದಿತ್ತೋ, ಸಹಿ ಹಾಕಿದೆ. ಜನರ ಸಹಿ ಸರಿ ಇದೆಯಾ ಅಂತ ಹತ್ತೊಂಬತ್ತು ವರ್ಷ ನೋಡಿದವಳು ನನ್ನ ಸಹಿ ಎಲ್ಲಿ ಬೀಳ್ತಿದೆ ಅಂತ ನೋಡಲಿಲ್ಲ. ಪ್ರೋಸರ್ ಮೇಲೆ ಎಷ್ಟು ಸಿಟ್ಟಿದೆಯೋ ಅದರ ಅರ್ಧ ನನ್ನ ಮೇಲೇ ಇದೆ.

ಪೆಟ್ಟಿಗೆಗೆ ಬೀಗ ಹಾಕುವಾಗ ಮೇಲೆ ಹುಡಾಕ್ ದಂಪತಿಗಳದ್ದೇ ಎರಡು ಲಕೋಟೆ ಇತ್ತು. ಅವರ ಕಥೆ ಕೌಂಟಿಗೆಲ್ಲ ಗೊತ್ತು. ಐವತ್ತಾರು ವರ್ಷದಿಂದ ಗಂಡ ಒಂದು ಪಕ್ಷ, ಹೆಂಡತಿ ಇನ್ನೊಂದು. ಚುನಾವಣೆ ಬಂದರೆ ಮನೆ ಮುಂದೆ ಎರಡು ಬೋರ್ಡು, ಬಾಗಿಲಿಗೆ ಆ ಕಡೆ ಒಂದು, ಈ ಕಡೆ ಒಂದು. ಪ್ರೋಸರ್ ನೋಡಿ ನಕ್ಕ.

"ಇವರಿಬ್ಬರದು ಎಣಿಸಿದ್ರೂ ಒಂದೇ, ಬಿಟ್ರೂ ಒಂದೇ ಅಲ್ವಾ ಟೆಕ್ಲಾ? ಒಂದನ್ನೊಂದು ಹೊಡೆದುಹಾಕತ್ತೆ. ಸೊನ್ನೆ."

"ಅವರ ಮನೆ ಜಗಳ ಅವರದು," ಅಂದೆ. "ಐವತ್ತಾರು ವರ್ಷ ಇಬ್ಬರೂ ಸಮಸಮ ಕಾದಿದ್ದಾರೆ. ಹೋಗಿ ಕೇಳಿ, ಇಬ್ಬರಲ್ಲಿ ಯಾರಾದರೂ ನನ್ನದು ಸೊನ್ನೆ ಅಂತಾರಾ ನೋಡೋಣ. ಅದನ್ನು ಹೇಳೋಕೆ ನೀವ್ಯಾರು?"

"ತಮಾಷೆಗೆ ಅಂದೆ," ಅಂದ.

"ನನಗೆ ತಮಾಷೆ ಅನ್ನಿಸ್ಲಿಲ್ಲ," ಅಂದೆ.

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಫೋನು. ಮೊದಲು ಉಸಿರು ಕೇಳಿಸ್ತು, ಆಮೇಲೆ ಮಾತು. "ಟೆಕ್ಲಾ, ನಂದು ಎಣಿಸಿದ್ರಾ?"

"ಇನ್ನೂ ಇಲ್ಲ ಉಯ್ಕೋ. ಕೋರ್ಟಿನದೊಂದು ತಕರಾರು. ಎಣಿಸ್ತಾರೆ."

ಮುಂದಿನ ಶುಕ್ರವಾರ ಮತ್ತೆ ಒಂಬತ್ತಕ್ಕೆ. "ಎಣಿಸಿದ್ರಾ?" ಅದರ ಮುಂದಿನ ಶುಕ್ರವಾರ ಹಬ್ಬದ ರಜೆ, ಕಚೇರಿ ಮುಚ್ಚಿತ್ತು, ಮನೆಗೇ ಮಾಡಿದರು. ನಾನೂ ಅದೇ ಗಿಳಿಪಾಠ ಒಪ್ಪಿಸಿದೆ. ಸುಳ್ಳು ಹೇಳ್ತಿದ್ದೀನಿ ಅಂತ ನನಗೆ ಅನ್ನಿಸಿರಲಿಲ್ಲ, ದೇವರಾಣೆ. ಪ್ರೋಸರ್ ಮಾತು ನಂಬಿದ್ದೆ.

ನವೆಂಬರಿನ ಕೊನೇ ಸೋಮವಾರ ಕೌಂಟಿ ಆಡಳಿತ ನಡೆಸೋ ಮೂವರು ಕಮಿಷನರುಗಳೂ ಕೂತು ಫಲಿತಾಂಶದ ಪಟ್ಟಿಗೆ ಸಹಿ ಹಾಕಿದರು. ಅದು ಕಾನೂನು ಕೊಟ್ಟ ಕೊನೇ ದಿನ. ನಾನು ಬಾಗಿಲ ಹತ್ತಿರ ನಿಂತು, "ಪೆಟ್ಟಿಗೆ?" ಅಂತ ಕೇಳಿದೆ. ಪ್ರೋಸರ್ ತುಟಿ ಮೇಲೆ ಬೆರಳಿಟ್ಟು, "ದಾವೆ ಇನ್ನೂ ನಡೀತಿದೆಯಲ್ಲ," ಅಂದ. ಪಟ್ಟಿ ರಾಜಧಾನಿಗೆ ಹೋಯ್ತು. ಆಗಲೂ ನನ್ನ ಮಂಡೆಗೆ ಹೊಳೀಲಿಲ್ಲ.

ಡಿಸೆಂಬರಿನ ಎರಡನೇ ಶುಕ್ರವಾರ ಮಧ್ಯಾಹ್ನ ದೊಡ್ಡ ಕೋರ್ಟಿನ ತೀರ್ಪು ಬಂತು. ತೀರ್ಪೇನು, ನಾಲ್ಕು ಸಾಲು. ಒಂದು ರಾಜ್ಯ ತನ್ನ ಚುನಾವಣೆ ಹೇಗೆ ನಡೆಸತ್ತೆ ಅನ್ನೋದರಲ್ಲಿ ಇನ್ನೊಂದು ರಾಜ್ಯಕ್ಕೆ ಕೇಳೋ ಹಕ್ಕಿಲ್ಲ, ದಾವೆ ವಜಾ. ಕಚೇರಿಯಲ್ಲಿ ಚಪ್ಪಾಳೆ. ಪ್ರೋಸರ್ ಒಂದು ಡಬ್ಬ ಡೋನಟ್ ತರಿಸಿದ. "ಗೆದ್ದೆವು!" ಅಂತ ಕೈ ಚಾಚಿದ.

ನಾನು ಕೈ ಕೊಡಲಿಲ್ಲ, ಬೀಗದ ಕೈ ತೋರಿಸಿದೆ. "ಪೆಟ್ಟಿಗೆ ತೆಗೀಲಾ?"

"ಯಾವ ಪೆಟ್ಟಿಗೆ?"

ಯಾವ ಪೆಟ್ಟಿಗೆ ಅಂತೆ! "ಇನ್ನೂರ ಹದಿನಾಲ್ಕು. ಕೋರ್ಟು ಸರಿ ಅಂದ್ರೆ ಅವತ್ತೇ ಎಣಿಸೋಣ ಅಂದಿದ್ರಿ."

"ಕೋರ್ಟು ಸರಿ ಅಂತಲೂ ಹೇಳಿಲ್ಲ, ತಪ್ಪು ಅಂತಲೂ ಹೇಳಿಲ್ಲ ಟೆಕ್ಲಾ. ಕೇಳೋದೇ ಇಲ್ಲ ಅಂದಿದೆ, ಅಷ್ಟೆ. ಅದೂ ಅಲ್ದೆ ಪಟ್ಟಿಗೆ ಸಹಿ ಆಗಿ ಎರಡು ವಾರ ಆಗೋಯ್ತು. ಇನ್ನು ಒಂದು ವೋಟೂ ಸೇರಿಸೋಕೆ ಬರಲ್ಲ. ಅದು ಕಾನೂನು."

"ಸದ್ಯಕ್ಕೆ ಅಂದಿದ್ರಿ."

"ಹೌದು. ಆ ಸದ್ಯ ಮುಗೀತು," ಅಂದ. ಅಂದು ಡೋನಟ್ ಕಚ್ಚಿದ. ತುಟಿ ಮೇಲೆಲ್ಲ ಸಕ್ಕರೆ ಪುಡಿ.

ಸೋತವರು ಅವರು, ಗೆದ್ದವರು ನಾವು. ಆದರೆ ಅವರಿಗೆ ಬೇಕಾದದ್ದು ಆಗಿಹೋಗಿತ್ತು, ಅದೂ ನಮ್ಮ ಕೈಯಿಂದಲೇ! ಅಷ್ಟು ದೂರದಿಂದ ಒಂದು ಕಾಗದ ಬೀಸಿದರು, ಇವರು ಹೆದರಿ ತಮ್ಮ ಜನರನ್ನೇ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಕೋರ್ಟು ಆ ಕಾಗದವನ್ನು ಬುಟ್ಟಿಗೆ ಹಾಕಿತು, ಬೀಗ ಮಾತ್ರ ಹಾಗೇ ಉಳೀತು. ಕಾನೂನಿನ ಪ್ರಕಾರ ಇಪ್ಪತ್ತೆರಡು ತಿಂಗಳು ಆ ಪೆಟ್ಟಿಗೆ ನೆಲಮಾಳಿಗೆಯಲ್ಲಿ ಇರತ್ತೆ. ಆಮೇಲೆ ಕಾಗದ ಹರಿಯೋ ಯಂತ್ರಕ್ಕೆ ಕೊಡ್ತಾರೆ.

ಶನಿವಾರ ನಂಬರ್ ಸಿಕ್ಸಿಗೆ ಹೋದೆ. ತೇತಾ ಯುಸ್ಟೀನಾ ಚರ್ಚಿನ ಹಬ್ಬದ ಮಾರಾಟಕ್ಕೆ ಪಿರೋಹಿ ಮಾಡ್ತಿದ್ದರು. ಹಿಟ್ಟಿನ ಬಿಲ್ಲೆಯೊಳಗೆ ಆಲೂಗಡ್ಡೆ ಇಟ್ಟು ಮಡಚಿ ಅಂಚು ಚಿವುಟೋದು. ಉಯ್ಕೋ ಕಿಟಕಿ ಹತ್ತಿರ ಕೂತು ಪಿರೋಹಿಗೆ ಅಂತ ಹುರಿದಿಟ್ಟ ಈರುಳ್ಳಿ ತಿಂತಿದ್ದರು. ನನ್ನ ಮುಖ ನೋಡಿದ್ದೇ ತಟ್ಟೆ ಕೆಳಗಿಟ್ಟರು.

"ಎಣಿಸ್ಲಿಲ್ಲ," ಅಂದರು. ಈ ಸಲ ಕೇಳಲಿಲ್ಲ, ಅವರೇ ಹೇಳಿದರು.

ಕೋಟು ಕೂಡ ತೆಗೀದೆ ಎಲ್ಲ ಹೇಳಿದೆ. ನಾನು ಸಹಿ ಹಾಕಿದ್ದನ್ನೂ ಬಿಡಲಿಲ್ಲ. ಆ ವೀಕ್ಷಕ ಬರೆದದ್ದನ್ನೂ ಓದಿದೆ. ಓದಬಾರದು ಅಂದುಕೊಂಡೇ ಹೋಗಿದ್ದೆ, ಆದರೆ ಅವರ ಬಗ್ಗೆ ಬರೆದದ್ದನ್ನು ಅವರಿಂದಲೇ ಮುಚ್ಚಿಡೋಕೆ ನಾನ್ಯಾವಳು? ತೇತಾ ಅಂಚು ಚಿವುಟ್ತಾ ಚಿವುಟ್ತಾ ಹಿಟ್ಟು ಹರಿದುಹೋಗೋ ಹಾಗೆ ಚಿವುಟಿದರು, ಆಲೂಗಡ್ಡೆ ಎಲ್ಲ ಆಚೆ ಬಂತು.

"ನನಗೆ ಅರಿವಿಲ್ವಂತಾ?" ಅಂದರು ಉಯ್ಕೋ.

"ಹಾಗೆ ಬರೆದಿದ್ದಾನೆ."

"ನಲವತ್ತೊಂದು ವರ್ಷ ಕತ್ತಲಲ್ಲಿ ಸಿಡಿಮದ್ದು ಇಟ್ಟೋನು ನಾನು. ಅರಿವಿಲ್ದಿದ್ರೆ ನಿನ್ನಪ್ಪ ಮನೆಗೆ ಬರ್ತಿದ್ನಾ?" ಅಷ್ಟು ಹೇಳೋದರಲ್ಲಿ ಉಸಿರು ಹೋಯ್ತು. ಸಿಲಿಂಡರಿನ ತಿರುಗಣೆ ತೇತಾ ತಿರುಗಿಸಿದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರು ಮಾಡಿದರು. "ಆ ರಾಜ್ಯ ನಮ್ಮ ರಾಜ್ಯದ ಮೇಲೆ ದಾವೆ ಹಾಕ್ತು. ನಾನು ಯಾರ ಮೇಲೆ ಹಾಕ್ಲಿ?"

"ಆ ರಾಜ್ಯದ ಮೇಲೆ ನೀವು ಹಾಕೋಕಾಗಲ್ಲ ಉಯ್ಕೋ. ನಮ್ಮ ಕೌಂಟಿ ಮೇಲೆ ಹಾಕಬಹುದು, ಆದ್ರೆ ಪಟ್ಟಿ ಮುಗಿದಿದೆ ಅಂತಾರೆ. ಆಮೇಲೆ ವರ್ಷಗಟ್ಟಲೆ..."

"ನನ್ನ ಹತ್ರ ವರ್ಷಗಟ್ಟಲೆ ಇಲ್ಲ," ಅಂದರು. ಅಳೋ ದನಿಯಲ್ಲಲ್ಲ, ಬೈಯೋ ದನಿಯಲ್ಲಿ.

ತೇತಾ ಕೈಯ ಹಿಟ್ಟು ಉದುರಿಸಿಕೊಂಡು ನನ್ನ ಎದುರು ನಿಂತರು. "ಅದೆಲ್ಲ ಬಿಡು. ನಮ್ಮನ್ನ ಅವರು ಲೆಕ್ಕಕ್ಕೇ ಇಟ್ಕೊಂಡಿಲ್ಲ ಅಂತ ಅವರ ಮುಖಕ್ಕೆ ಹೇಳೋಕೆ ಒಂದು ಜಾಗ ಇಲ್ವೇನೇ ಇಡೀ ಕೌಂಟೀಲಿ?"

ಇತ್ತು. ತಿಂಗಳ ಮೂರನೇ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕಮಿಷನರುಗಳ ಸಭೆ. ಮೊದಲು ಊರಿನವರ ಮಾತು. ಕೌಂಟಿಯ ನಿವಾಸಿ ಯಾರೇ ಆಗಲಿ, ಬಾಗಿಲಲ್ಲಿ ಚೀಟಿ ಬರೆದುಕೊಟ್ಟು ಮೂರು ನಿಮಿಷ ಏನು ಬೇಕಾದರೂ ಹೇಳಬಹುದು. ಸಭೆಯ ಅಧ್ಯಕ್ಷರ ಮುಂದೆ ಹಿತ್ತಾಳೆ ಗಂಟೆ, ಮೂರು ನಿಮಿಷಕ್ಕೆ ಟಣ್ ಅನ್ನಿಸ್ತಾರೆ. ಮಧ್ಯೆ ತಡೆಯೋ ಹಾಗಿಲ್ಲ. ಆಡಿದ ಪ್ರತಿ ಹೆಸರನ್ನೂ ನಡಾವಳಿ ಪುಸ್ತಕಕ್ಕೆ ಏರಿಸಲೇಬೇಕು, ಅದು ಹಳೇ ಕಟ್ಟಳೆ. ಸಾಮಾನ್ಯವಾಗಿ ಬರೋದು ರಸ್ತೆ ಗುಂಡಿ, ಪಕ್ಕದ ಮನೆ ನಾಯಿ.

ಫೋನ್ ಮಾಡೋ ಹೆಂಗಸು ತಾನೆ ನಾನು? ಮತ್ತೆ ಮಾಡಿದೆ. ಭಾನುವಾರ ಪೂರ್ತಿ, ಸೋಮವಾರ ಕೆಲಸ ಬಿಟ್ಟ ಮೇಲೆ, ನನ್ನ ಮನೆ ಫೋನಿನಿಂದ. ತಿರಸ್ಕೃತ ಲಕೋಟೆಗಳ ಹೆಸರು ಕಚೇರಿ ಗೋಡೆಗೆ ಅಂಟಿಸಿರೋದೇ, ಗುಟ್ಟೇನಿಲ್ಲ. "ನಿಮ್ಮ ವೋಟು ಎಣಿಸಿಲ್ಲ," ಅಂತ ಒಬ್ಬೊಬ್ಬರಿಗೂ ಹೇಳಿದೆ. ಕೆಲವರು ನನ್ನನ್ನೇ ಬೈದರು, ಬೈಸಿಕೊಂಡೆ. ಒಬ್ಬಾಕೆ, "ನಾನು ಸಂಬಳ ಮುರ್ಕೊಂಡು ಬಂದು ಸಹಿ ಹಾಕಿದ್ದೆ ಕಣ್ರೀ," ಅಂದು ಫೋನು ಕುಕ್ಕಿದಳು.

ಮಂಗಳವಾರ ಅರವತ್ತು ಜನ ಬಂದಿದ್ದರು. ಲಿಫ್ಟು ರಿಪೇರಿ ಆಗಿತ್ತು. ಉಯ್ಕೋ ಅದರ ಕಡೆ ನೋಡಲೂ ಇಲ್ಲ, ಮೆಟ್ಟಿಲೇ ಹತ್ತಿದರು. ಈ ಸಲ ಐದು ಸಲ ಕೂತರು.

ಅಧ್ಯಕ್ಷ ಹಾರ್ಲನ್ ವೆಟ್ಸೆಲ್ ತುಂಬಿದ ಬೆಂಚು ನೋಡಿ ಟೈ ಸರಿ ಮಾಡಿಕೊಂಡರು. ಮೊದಲ ಚೀಟಿ ನನ್ನದು. ಎದ್ದು ಮೈಕಿನ ಹತ್ತಿರ ಹೋಗ್ತಿದ್ದ ಹಾಗೇ ಪ್ರೋಸರ್ ಓಡಿಬಂದ.

"ಟೆಕ್ಲಾ, ನೀವು ಕೌಂಟಿ ನೌಕರರು. ಹೀಗೆಲ್ಲ ಮಾಡಿದ್ರೆ ಕೆಲಸಕ್ಕೆ..."

"ಹತ್ತರಿಂದ ಹನ್ನೆರಡು ರಜೆ ಹಾಕಿದ್ದೀನಿ. ಚೀಟಿ ನಿಮ್ಮ ಮೇಜಿನ ಮೇಲಿದೆ. ಈಗ ನಾನು ನಿವಾಸಿ. ದಾರಿ ಬಿಡಿ."

ಮೈಕಿಗೆ ಬಾಯಿಟ್ಟೆ. "ಆ ಪ್ರಮಾಣಪತ್ರದ ಅಪರಿಚಿತ ಹೆಂಗಸು ನಾನೇ, ಟೆಕ್ಲಾ ಬೊಬಿಂಚಾಕ್. ನಾನು ಕರೆದೆ, ಇವರು ಬಂದರು, ಬಂದ ಕ್ರಮದಲ್ಲಿ ಹೆಸರು ಓದ್ತೀನಿ. ಇವರ ವೋಟನ್ನು ನೀವು ಎಣಿಸಿಲ್ಲ." ಅಷ್ಟೇ ಪೀಠಿಕೆ. ಆಮೇಲೆ ಬರೀ ಹೆಸರು. ತಲೆ ಎತ್ತದೆ ಓದಿದೆ. ನೂರು ದಾಟಿದ್ದೆ, ನೂರ ಎರಡಕ್ಕೆ ಟಣ್ ಅಂತು.

"ಸಮಯ ಮುಗಿಯಿತು. ಮುಂದಿನವರು," ಅಂದರು ವೆಟ್ಸೆಲ್, ನೆಮ್ಮದಿಯಾಗಿ.

ಮುಂದಿನವಳು ಶಾಲೆ ಬಸ್ಸು ಓಡಿಸೋ ಡೆಲ್ಫೀನ್ ಯಾನುಸ್. ತಾರೀಖು ಬರೆಯೋ ಕಡೆ ಹುಟ್ಟಿದ ತಾರೀಖು ಬರೆದವಳು, ಫೋನು ಕುಕ್ಕಿದವಳು. ಅದೇ ಹಾಳೆ ನನ್ನ ಕೈಯಿಂದ ಕಿತ್ತುಕೊಂಡು ನೂರ ಮೂರರಿಂದ ಶುರು ಮಾಡಿದಳು. ಗದ್ದಲದ ಬಸ್ಸಲ್ಲಿ ಮಕ್ಕಳನ್ನು ಕೂಗಿ ಅಭ್ಯಾಸ, ಮೈಕು ಬೇಕಾಗಲಿಲ್ಲ. ವೆಟ್ಸೆಲ್‌ಗೆ ಆಗ ಅರ್ಥ ಆಯ್ತು. ಪ್ರೋಸರ್ ಕಡೆ ನೋಡಿದರು. ಪ್ರೋಸರ್ ನಿಯಮದ ಪುಸ್ತಕ ತಿರುವಿ ತಿರುವಿ ತಲೆ ಅಲ್ಲಾಡಿಸಿದ. ತಡೆಯೋ ಹಾಗಿಲ್ಲ. ನಡಾವಳಿ ಬರೆಯೋ ಹೆಂಗಸು ಕೈ ಝಾಡಿಸಿಕೊಂಡು ಬರೀತಾನೇ ಇದ್ದಳು. ನೂರ ತೊಂಬತ್ತೊಂಬತ್ತಕ್ಕೆ ಟಣ್.

ಮೂರನೇ ಚೀಟಿ ಉಯ್ಕೋ ವಾಸಿಲ್‌ದು. ಅವರು ಸಿಲಿಂಡರು ಎಳೆದುಕೊಂಡು ಮೈಕಿನ ಹತ್ತಿರ ಬರೋದರಲ್ಲೇ ಅರ್ಧ ನಿಮಿಷ ಹೋಯ್ತು. ನಾನು ಹಾಳೆ ಹಿಡಿದು ಪಕ್ಕದಲ್ಲಿ ನಿಂತೆ. ಕನ್ನಡಕ ಈ ಸಲ ಅವರದೇ. ಒಂದು ಹೆಸರು, ಒಂದು ಉಸಿರು. ಇನ್ನೊಂದು ಹೆಸರು, ಎರಡು ಉಸಿರು. ಇನ್ನೂರ ಐದು. ಇನ್ನೂರ ಒಂಬತ್ತು. ಇನ್ನೂರ ಹನ್ನೆರಡು ಓದಿದರು. ಮುಂದಿನದು ಅವರದೇ ಹೆಸರು. ಬಾಯಿ ತೆರೆದರು, ಉಸಿರು ಬರಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ಮತ್ತೆ ಬಾಯಿ ತೆರೆದರು.

ಟಣ್.

"ಸಮಯ ಮುಗಿಯಿತು," ಅಂದರು ವೆಟ್ಸೆಲ್. ಉಯ್ಕೋ ಕದಲಲಿಲ್ಲ. ವೆಟ್ಸೆಲ್ ಇನ್ನೊಂದು ಸಲ ಗಂಟೆ ಬಾರಿಸಿ ದನಿ ಏರಿಸಿದರು. "ನಿಮ್ಮ ಸಮಯ ಮುಗಿಯಿತು, ಮಿಸ್ಟರ್ ವಾಸಿಲ್ ಹುಡಾಕ್!"

ಬೆಂಚಿನಿಂದ ತೇತಾ ಯುಸ್ಟೀನಾ ಎದ್ದರು. ಮುಂದಿನ ಚೀಟಿ ನಂದು ಅಂತ ಕೈ ಎತ್ತಿ ತೋರಿಸಿ, ನಡಾವಳಿ ಬರೆಯೋಳ ಕಡೆ ತಿರುಗಿದರು.

"ಬರ್ಕೊಳಮ್ಮ. ಇನ್ನೂರ ಹದಿಮೂರು, ವಾಸಿಲ್ ಹುಡಾಕ್. ಅಧ್ಯಕ್ಷರ ಬಾಯಿಂದಲೇ ಬಂತು, ಎಲ್ಲರೂ ಕೇಳಿದ್ದಾರೆ. ಇನ್ನೂರ ಹದಿನಾಲ್ಕು, ಯುಸ್ಟೀನಾ ಹುಡಾಕ್. ಮುಗೀತು." ಅಂದು ಕೂತುಬಿಟ್ಟರು.

ಪೆನ್ನಿನ ಸದ್ದು ನಿಲ್ಲೋವರೆಗೆ ಉಯ್ಕೋ ಅಲ್ಲೇ ನಿಂತಿದ್ದರು. ಆಮೇಲೆ ಉಸಿರು ಹಿಡಿದು, ಇಡೀ ಸಭೆಗೆ ಕೇಳೋ ಹಾಗೆ ನನ್ನನ್ನು ಕೇಳಿದರು.

"ಟೆಕ್ಲಾ, ಎಲ್ಲಾ ಎಣಿಸೋಕೆ ಎಷ್ಟು ಹೊತ್ತು ಹಿಡೀತು?"

ಗಡಿಯಾರ ನೋಡಿದೆ. "ಹತ್ತು ನಿಮಿಷನೂ ಆಗಿಲ್ಲ ಉಯ್ಕೋ."

ಅವರು ವೆಟ್ಸೆಲ್ ಕಡೆ, ಆಮೇಲೆ ಪ್ರೋಸರ್ ಕಡೆ ನೋಡಿದರು.

"ಅಷ್ಟೇನಾ?" ಅಂದರು.